ಹಗುರ ಅಂದ್ರೆ ಎಷ್ಟು ಹಗುರ?

ಕಳೆದ ವಾರ ಆಫೀಸಿನಲ್ಲಿ ಗೆಳೆಯನೊಬ್ಬ ಊಟದ ಹೊತ್ತಿಗೆ ಫೋನ್ ತಂದು ಮುಖಕ್ಕೆ ಹಿಡಿದ. ಇಪ್ಪತ್ನಾಲ್ಕು ಅಡಿಯ ಟ್ರಾವೆಲ್ ಟ್ರೇಲರ್. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿ ಮನೆ. ಒಳಗೆ ಅಡುಗೆ ಕಟ್ಟೆ, ಬಚ್ಚಲು, ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ. ಹೆಸರಿನಲ್ಲೇ 'ಲೈಟ್' ಅಂತ ಬೇರೆ ಇದೆ. "ಖಾಲಿ ತೂಕ 4200 ಪೌಂಡ್, ನನ್ನ ಕಾರು 5000 ಎಳೆಯುತ್ತೆ. ಇನ್ನೂ 800 ಮಿಗುತ್ತಲ್ಲ ಗುರು, ತಗೊಂಡುಬಿಡ್ಲಾ?" ಅಂದ.

ಹೋದ ವರ್ಷ ನಾನೂ ಇದೇ ಕಳೆಯುವ ಲೆಕ್ಕ ಮಾಡಿದ್ದೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ಮಾಡಬಾರದ ಲೆಕ್ಕ. ಅದರಿಂದ ಏನಾಯ್ತು ಅಂತ ಹೇಳಿಬಿಡ್ತೀನಿ ಕೇಳಿ...

ಅಪ್ಪ ಅಮ್ಮ ತಿಪಟೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದರು. ಅಮ್ಮನಿಗೆ ಮಂಡಿ ನೋವು, ಟೆಂಟಿನಲ್ಲಿ ನೆಲದ ಮೇಲೆ ಮಲಗಿ ಏಳೋದು ಕಷ್ಟ. ಐದೂ ಜನ ಯೊಸೆಮಿಟಿಗೆ ಹೋಗೋಣ, ಟ್ರೇಲರ್ ಬಾಡಿಗೆಗೆ ತಗೊಂಡು ನೋಡೋಣ, ಹಿಡಿಸಿದರೆ ಅಂಥದ್ದೇ ಒಂದು ಕೊಳ್ಳೋಣ ಅಂತ ಪ್ಲಾನ್. ಹೊರಡುವಾಗ ಅಮ್ಮ, "ಹಿಂದೆ ಮಂಚ ಖಾಲಿ ಇದೆಯಲ್ಲೋ, ನಾನು ಅಲ್ಲೇ ಮಲ್ಕೊಂಡು ಬರ್ತೀನಿ" ಅಂದರು. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಟ್ರೇಲರ್ ಓಡುತ್ತಿರುವಾಗ ಒಳಗೆ ಜನ ಇರುವಂತಿಲ್ಲ, ಕಾನೂನು. ಆ ಕಾನೂನು ಮಾಡಿದ ಪುಣ್ಯಾತ್ಮನಿಗೆ ಆಮೇಲೆ ಕೈ ಮುಗಿದೆ.

ಪಚೇಕೊ ಪಾಸ್ ದಾಟಿ ಸ್ಯಾನ್ ಲೂಯಿಸ್ ಜಲಾಶಯದ ಕಡೆಗೆ ಇಳಿಯುತ್ತಿದ್ದೆವು. ಈ ದಾರಿಯಲ್ಲಿ ಹೋದವರಿಗೆ ಅಲ್ಲಿಯ ಗಾಳಿ ಗೊತ್ತು. ಈ ರಾಜ್ಯದಲ್ಲಿ ಟ್ರೇಲರ್ ಎಳೆಯುವವರ ಮಿತಿ ಗಂಟೆಗೆ 55 ಮೈಲಿ, ನಾನು 62ರಲ್ಲಿದ್ದೆ (ತಪ್ಪು ನಂದೇ). ಪಕ್ಕದಲ್ಲಿ ದೊಡ್ಡ ಟ್ರಕ್ಕೊಂದು ಹಾದುಹೋಯಿತು. ಹಿಂದಿನ ಟ್ರೇಲರ್ ಮೆಲ್ಲಗೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ ಇನ್ನೂ ಜೋರಾಗಿ... ಕಾರಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸಿದ ಹಾಗೆ. ಹೆಂಡತಿ ಮಗಳ ಸೀಟಿಗೆ ಕೈ ಅಡ್ಡ ಹಿಡಿದಳು. ಕಾಲು ತಾನಾಗೇ ಬ್ರೇಕಿಗೆ ಹೋಯಿತು. ಆದರೆ ಹಾಗೆ ಓಲಾಡುವಾಗ ಕಾರಿನ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಿ ಸರಿಮಾಡಲೂ ಹೋಗಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ಹಿಂದಿನ ರಾತ್ರಿ ಓದಿದ್ದು ಹೇಗೋ ನೆನಪಾಯ್ತು. ನಿಂತಿತು. ರಸ್ತೆ ಬದಿಗೆ ಹಾಕಿ ಇಳಿದಾಗ ಕೈ ನಡುಗುತ್ತಿತ್ತು.

ಅಪ್ಪ ಇಳಿದು ಟ್ರೇಲರಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಮಂಚದ ಕೆಳಗೆ ಅಕ್ಕಿ ಚೀಲ, ನೀರಿನ ಕ್ಯಾನು, ಕುಕ್ಕರು, ಹಿಂದಿನ ಬಂಪರಿಗೆ ಕಟ್ಟಿದ ಸೈಕಲ್ಲು. ತುಂಬಿದ ನೀರಿನ ಟ್ಯಾಂಕೂ ಹಿಂದೇನೇ. ನೋಡಿ ಒಂದೇ ಮಾತು ಹೇಳಿದರು: "ಹಿಂಬಾರ ಆಗೈತೆ ಕಣೋ. ಮೂಕಿ ಎತ್ಕೊಂಡೈತೆ. ಒಂದಿಷ್ಟು ಮುಂದಕ್ಕೆ ಹಾಕು."

ಎತ್ತಿನ ಗಾಡಿಯಲ್ಲಿ ಕಾಯಿ ತುಂಬಿಕೊಂಡು ಓಡಾಡಿದವರು ಅವರು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಪಟ್ಟಿ ಬಿಗಿಯುತ್ತೆ, ಮುಂದೆ ಹೆಚ್ಚಾದರೆ ಹೆಗಲ ಮೇಲೆ ನೊಗ ಒತ್ತುತ್ತೆ. ಇಲ್ಲಿ 'ಟಂಗ್ ವೇಟ್' ಅನ್ನೋದು ಇದನ್ನೇ. ತುಂಬಿದ ಟ್ರೇಲರಿನ ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಬಾಲ ಅಲ್ಲಾಡುತ್ತೆ.

ಮೆಲ್ಲಗೆ ಐ-5 ಬದಿಯ ಟ್ರಕ್ ಸ್ಟಾಪಿಗೆ ಹೋಗಿ ತೂಕ ಹಾಕಿಸಿದೆ. ಟ್ರಕ್ಕುಗಳನ್ನು ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಮ್ಮಂಥವರೂ ನಿಲ್ಲಿಸಬಹುದು, ದೊಡ್ಡ ಖರ್ಚೇನಲ್ಲ. ಒಂದು ಸಲ ಟ್ರೇಲರ್ ಸಮೇತ, ಒಂದು ಸಲ ಬರೀ ಕಾರು. ಕಳೆದು ನೋಡಿದರೆ ಟ್ರೇಲರ್ 3900 ಪೌಂಡ್, ಮೂಕಿ ಮೇಲೆ ಬರೀ 230. ನೂರಕ್ಕೆ ಆರೂ ಇಲ್ಲ!

ಸರಿ, ಸಾಮಾನು ಮುಂದಕ್ಕೆ ಹಾಕಿದರೆ ಆಯ್ತಲ್ಲ ಅಂದಿರಾ? ನಾನೂ ಹಾಗೇ ಅಂದುಕೊಂಡೆ. ಆಗಲೇ ಇನ್ನೊಂದು ಸಂಖ್ಯೆ ಕಣ್ಣಿಗೆ ಬಿದ್ದದ್ದು. ಅಮೆರಿಕದಲ್ಲಿ ಕಾರಿನ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ. ಮೂಕಿ ಭಾರವೂ ಕಾರು ಹೊರುವ ಸಾಮಾನೇ, ಅದೂ ಈ ಲೆಕ್ಕದಲ್ಲೇ ಬರಬೇಕು. ನಮ್ಮ ಕಾರಿನ ಚೀಟಿ 1290 ಪೌಂಡ್, ಅಂದರೆ ಸುಮಾರು 585 ಕಿಲೋ. ಲೆಕ್ಕ ನೋಡಿ:

ಐದು ಜನ, ಮಗಳ ಕಾರ್ ಸೀಟ್ ಸೇರಿ - 645
ಕಾರಿನೊಳಗಿನ ಸಾಮಾನು - 150
ಹಿಚ್ಚು, ಭಾರ ಹಂಚುವ ಸಲಾಕೆಗಳು - 75
ಮಿಕ್ಕಿದ್ದು - 420

ಮೂಕಿ ಭಾರ ನೂರಕ್ಕೆ 13 ಅಂತ ಹಿಡಿದರೆ 420ಕ್ಕೆ ಸರಿಹೋಗುವ ತುಂಬಿದ ಟ್ರೇಲರ್ ಸುಮಾರು 3230 ಪೌಂಡ್. ಅದರಲ್ಲಿ 20 ಗ್ಯಾಲನ್ ನೀರಿಗೆ 167 ಹೋಯ್ತು (ಒಂದು ಗ್ಯಾಲನ್ 8.34 ಪೌಂಡ್), ಗ್ಯಾಸ್ ಸಿಲಿಂಡರು ಬ್ಯಾಟರಿಗೆ ಹತ್ತಿರ ಹತ್ತಿರ 100, ಪಾತ್ರೆ ಬಟ್ಟೆ ದಿನಸಿಗೆ 350. ಉಳಿದದ್ದು 2600. ನಾನು ಹುಡುಕಬೇಕಾಗಿದ್ದ ಖಾಲಿ ತೂಕ ಇದು. ಜಾಹೀರಾತಿನ 5000 ಮನೆಯವರೆಲ್ಲ ಹತ್ತಿ ಕೂತಮೇಲೆ 2600 ಆಗಿತ್ತು!

ಕಂಪನಿಗಳು ಸುಳ್ಳು ಹೇಳುತ್ತವೆ ಅಂತಲ್ಲ. ಎಳೆಯುವ ಶಕ್ತಿ ಅಳೆಯುವ ಎಸ್‌ಎಇ ಜೆ2807 ಅನ್ನುವ ಮಾನದಂಡದಲ್ಲಿ ಕಾರಿನಲ್ಲಿ ತಲಾ 150 ಪೌಂಡಿನ ಇಬ್ಬರು ಕೂತಿರುತ್ತಾರೆ ಅಂತ ಲೆಕ್ಕ. ಇಬ್ಬರಿಗೆ ಅದು ನಿಜ. ಅಜ್ಜ ಅಜ್ಜಿ ಮೊಮ್ಮಗಳು ಇರುವ ಸಂಸಾರಕ್ಕೆ ಅಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಒಬ್ಬನೇ ಬಳಸಿ ತೋರಿಸಿದ ಡೆಮೋ ನೋಡಿ ಸರ್ವರ್ ಕೊಂಡ ಹಾಗೆ. 'ಲೈಟ್' ಅನ್ನೋದೂ ಅಷ್ಟೇ, ಕಂಪನಿ ಇಟ್ಟ ಹೆಸರು ಅದು, ತೂಕವಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಸಂಸಾರಕ್ಕೆ ಟ್ರೇಲರ್ ಆರಿಸುವವರು ಮೊದಲು ಬಾಗಿಲಿನ ಚೀಟಿ ಓದಬೇಕು, ಆಮೇಲೆ ಮನೆಯವರ ತೂಕ ಬರೆದುಕೊಳ್ಳಬೇಕು, ಮಂಚ ಎಷ್ಟು ಅನ್ನೋದು ಕೊನೆಗೆ. ಬಹಳ ಜನ ಮಂಚ ಎಣಿಸಿಕೊಂಡು ಶುರುಮಾಡುತ್ತಾರೆ. ಒಂದೊಂದು ಮಂಚ ಸೇರಿಸಿದಾಗಲೂ ಉದ್ದ ಹೆಚ್ಚುತ್ತೆ, ತೂಕ ಹೆಚ್ಚುತ್ತೆ, ಗಾಳಿಗೆ ಸಿಗುವ ಮೈ ಹೆಚ್ಚುತ್ತೆ. ಆ ಮಂಚದ ಮೇಲೆ ಮಲಗುವವರೂ ಅದೇ ಕಾರಿನಲ್ಲೇ ಕೂತು ಬರಬೇಕಲ್ಲ!

"ಪಿಕಪ್ ಟ್ರಕ್ ತಗೋ, ತಲೆನೋವೇ ಇಲ್ಲ" ಅನ್ನುವವರಿದ್ದಾರೆ. ಇರಬಹುದು. ಆದರೆ ಅದರ ಬಾಗಿಲಲ್ಲೂ ಒಂದು ಚೀಟಿ ಇದೆ, ಅದನ್ನೂ ಓದಿ. ಎಳೆಯುವ ಸಂಖ್ಯೆ ಎರಡು ಪಟ್ಟು ಇದ್ದರೂ ಹೊರುವ ಸಂಖ್ಯೆ ಎರಡು ಪಟ್ಟು ಇರೋದಿಲ್ಲ. ವರ್ಷಕ್ಕೆ ನಾಲ್ಕು ಟ್ರಿಪ್ಪಿಗೋಸ್ಕರ ದಿನಾ ಆಫೀಸಿಗೆ ಟ್ರಕ್ ಓಡಿಸೋದು ನನಗಂತೂ ಒಗ್ಗೋದಿಲ್ಲ.

ಆ ದಿನ ಟ್ಯಾಂಕಿನ 30 ಗ್ಯಾಲನ್ ನೀರು ಖಾಲಿ ಮಾಡಿ, ಅಕ್ಕಿ ಚೀಲ ಮುಂದಕ್ಕೆ ಹಾಕಿ, ಸೈಕಲ್ಲು ಬಿಚ್ಚಿ ಟ್ರೇಲರಿನ ಮುಂಭಾಗದಲ್ಲಿ ಮಲಗಿಸಿ, ಮತ್ತೆ ತೂಗಿಸಿ, 50 ಮೈಲಿ ವೇಗದಲ್ಲಿ ಹೋಗಿ ಬಂದೆವು. ಅಂಥದ್ದೇ ಒಂದು ಕೊಳ್ಳುವ ಆಸೆ ಅಲ್ಲಿಗೇ ಬಿಟ್ಟೆ. ಎರಡು ತಿಂಗಳ ನಂತರ 16 ಅಡಿಯ ಫೈಬರ್‌ಗ್ಲಾಸ್ ಟ್ರೇಲರ್ ಒಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡೆವು. ಎಲ್ಲಾ ತುಂಬಿದ ಮೇಲೂ 3000 ಪೌಂಡ್ ಒಳಗೇ ಇದೆ, ತೂಗಿಸಿದ್ದೀನಿ. ಅದರಲ್ಲಿ ಐದು ಜನಕ್ಕೆ ಜಾಗ ಇಲ್ಲ. ಅಪ್ಪ ಅಮ್ಮ ಒಳಗೆ ಮಂಚದ ಮೇಲೆ, ನಾವು ಮೂವರು ಪಕ್ಕದಲ್ಲಿ ಟೆಂಟಿನಲ್ಲಿ. ಮಗಳಿಗೆ ಟೆಂಟೇ ಇಷ್ಟ. ಅಮ್ಮನ ಮಂಡಿಗೆ ಮಂಚ ಸಿಕ್ಕಿತು. ಟ್ರೇಲರ್ ಬೇಕು ಅಂದುಕೊಂಡದ್ದೇ ಅದಕ್ಕೆ ಅಲ್ವಾ?

ಅಪ್ಪ ಈಗ ಊರಲ್ಲಿದ್ದಾರೆ. ಟ್ರಿಪ್ ಹೊರಡ್ತೀವಿ ಅಂತ ಫೋನ್ ಮಾಡಿದರೆ ಮೊದಲು ಕೇಳೋದು "ಮೂಕಿ ನೋಡ್ದೇನೋ?" ಅಂತ.

ಗೆಳೆಯನ ಲೆಕ್ಕಕ್ಕೆ ಬರೋಣ. ಅವನ 4200ಕ್ಕೆ ಸಾಮಾನು ಸೇರಿದರೆ 4800 ದಾಟುತ್ತೆ, ಮೂಕಿ ಭಾರವೇ 625 ಆಗುತ್ತೆ. ಗಂಡ ಹೆಂಡತಿ ಇಬ್ಬರು ಮಕ್ಕಳು ಸೇರಿ 450, ಹಿಚ್ಚು ಸಾಮಾನು 225. ಒಟ್ಟು 1300. ಪಾರ್ಕಿಂಗ್ ಲಾಟಿಗೆ ಇಳಿದು ಅವನ ಕಾರಿನ ಬಾಗಿಲು ತೆಗೆದು ನೋಡಿದೆವು: 1240. ಬೇಸಿಗೆಗೆ ಅವನ ಅತ್ತೆ ಮಾವ ಬೇರೆ ಬರುವವರಿದ್ದಾರೆ...

ನಿಮ್ಮ ಕಾರಿನದು ಎಷ್ಟಿದೆ? ಶೋರೂಮಿಗೆ ಹೋಗುವ ಮೊದಲು ಒಂದು ಸಲ ಬಾಗಿಲು ತೆಗೆದು ನೋಡಿ.