ಕಾಣದ ಕೀಲು

ಮನುಷ್ಯನ ನಿರ್ಮಿತಿಗಳಲ್ಲಿ ಸೇತುವೆಯಷ್ಟು ಪರೋಪಕಾರಿಯಾದುದು ವಿರಳ. ಬಡವ ಬಲ್ಲಿದನೆಂಬ ಭೇದವೆಣಿಸದೆ ಅದು ಎಲ್ಲರನ್ನೂ ದಾಟಿಸುತ್ತದೆ. ದಾಟುವವನಾದರೋ ಅದರ ಉಕ್ಕು ಎಂಥದು, ಕೀಲು ಎಲ್ಲಿದೆ ಎಂದು ವಿಚಾರಿಸುವುದಿಲ್ಲ. ಆ ವಿಚಾರವನ್ನು ಅವನ ಪರವಾಗಿ ಮಾಡುವ ಹೊಣೆ ಕಟ್ಟಿದವರದು, ಕಾಯುವವರದು. ವಿಚಾರಿಸಿ ನೋಡುವುದಕ್ಕೆ ಅವಕಾಶವೇ ಇಲ್ಲದಂತೆ ಕಟ್ಟಿದರೆ ಏನಾಗುತ್ತದೆಂಬುದನ್ನು ಅಮೆರಿಕದ ಓಹಾಯೊ ನದಿಯ ಮೇಲಿದ್ದ ಸಿಲ್ವರ್ ಬ್ರಿಜ್ ತೋರಿಸಿಕೊಟ್ಟಿತು.

ಪಶ್ಚಿಮ ವರ್ಜೀನಿಯಾದ ಪಾಯಿಂಟ್ ಪ್ಲೆಸೆಂಟ್ ಪಟ್ಟಣವನ್ನು ಓಹಾಯೊ ರಾಜ್ಯದ ದಡಕ್ಕೆ ಸೇರಿಸಿದ್ದ ಈ ಹೆದ್ದಾರಿ ತೂಗುಸೇತುವೆ 1928ರಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಯೂಮಿನಿಯಂ ಬಣ್ಣದಿಂದ ಬೆಳ್ಳಿಯಂತೆ ಹೊಳೆಯುತ್ತಿದ್ದುದರಿಂದ ಅದಕ್ಕೆ ಆ ಹೆಸರು. ನಡುವಣ ಅಂಕಣದ ಉದ್ದ 700 ಅಡಿ. ದೊಡ್ಡ ತೂಗುಸೇತುವೆಗಳ ಭಾರವನ್ನು ಸಾಮಾನ್ಯವಾಗಿ ಅಸಂಖ್ಯ ತಂತಿಗಳನ್ನು ಕೂಡಿಸಿದ ಉಕ್ಕಿನ ಹಗ್ಗಗಳು ಹೊರುತ್ತವೆ. ಇಲ್ಲಿ ಅವುಗಳ ಬದಲು ಸರಪಳಿಯನ್ನು ಆರಿಸಲಾಯಿತು. ಎರಡು ತುದಿಗಳಲ್ಲೂ ಕಣ್ಣಿನಂಥ ರಂಧ್ರವಿರುವ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಕೀಲುಗಳಿಂದ ಪೋಣಿಸಿದ ಸರಪಳಿ ಅದು. ಪಟ್ಟಿಗಳ ಉಕ್ಕನ್ನು ಕಾಯಿಸಿ ಹದಗೊಳಿಸಿ ಸಾಧಾರಣ ಉಕ್ಕಿಗಿಂತ ಬಲಿಷ್ಠಗೊಳಿಸಲಾಗಿತ್ತು. ಬಲ ಹೆಚ್ಚಿತೆಂದು ಪಟ್ಟಿಗಳ ಸಂಖ್ಯೆಯನ್ನು ತಗ್ಗಿಸಿ, ಕೊಂಡಿಯೊಂದಕ್ಕೆ ಎರಡೇ ಪಟ್ಟಿಗಳನ್ನಿಟ್ಟರು. ಉಕ್ಕು ಉಳಿಯಿತು, ಹಣವೂ ಉಳಿಯಿತು.

ದೋಷ ಅಡಗಿದ್ದುದು ಈ ಉಳಿತಾಯದಲ್ಲಿಯೇ. ನಾಲ್ಕರಲ್ಲಿ ಒಂದು ಮುರಿದರೆ ಮೂರು ಹೊತ್ತಾವು. ಎರಡರಲ್ಲಿ ಒಂದು ಮುರಿದರೆ ಉಳಿದೊಂದು ತಿರುಚಿಕೊಂಡು ಕೀಲಿನಿಂದಲೇ ಜಾರುತ್ತದೆ. ಗೋಪುರಗಳೂ ಸರಪಳಿಯ ಬಿಗಿತವನ್ನು ನಂಬಿಯೇ ನಿಂತಿದ್ದವು. 1967ರ ಡಿಸೆಂಬರ್ 15ರ ಸಂಜೆ, ವಾಹನಗಳು ದಟ್ಟೈಸಿದ್ದ ಹೊತ್ತಿನಲ್ಲಿ ಒಂದು ಪಟ್ಟಿಯ ಕಣ್ಣು ಬಿರಿಯಿತು. ಕ್ಷಣಾರ್ಧದಲ್ಲಿ ಸೇತುವೆ ನದಿಗುರುಳಿ 46 ಜನ ಪ್ರಾಣ ತೆತ್ತರು. ತನಿಖೆಯಲ್ಲಿ ಕಂಡ ಮೂಲ ಬಿರುಕಿನ ಆಳ ಸುಮಾರು ಎರಡೂವರೆ ಮಿಲಿಮೀಟರ್! ಸತತ ಎಳೆತಕ್ಕೂ ತುಕ್ಕಿಗೂ ಸಿಲುಕಿ ಅದು ದಶಕಗಳ ಕಾಲ ಬೆಳೆದಿತ್ತು. ಸಂಧಿಯನ್ನು ಬಿಚ್ಚದ ಹೊರತು ಯಾವ ಕಣ್ಣಿಗೂ ಅದು ಕಾಣುವಂತಿರಲಿಲ್ಲ. ಈ ನಡುವೆ ವಾಹನಗಳ ತೂಕವೂ 1928ರ ಅಂದಾಜನ್ನು ಬಹುವಾಗಿ ಮೀರಿತ್ತು.

ಅಂಥ ಉಕ್ಕಿನಲ್ಲಿ ಹೀಗೂ ಬಿರುಕು ಬೆಳೆದೀತೆಂಬುದು 1928ರ ತಜ್ಞರಿಗೆ ತಿಳಿದಿರಲಿಲ್ಲ. ಆದ್ದರಿಂದ ಅವರನ್ನು ಹಳಿಯುವುದು ನ್ಯಾಯವಲ್ಲ ಎನ್ನುವವರಿದ್ದಾರೆ. ಮಾತು ನಿಜ, ಆದರೆ ಅರ್ಧ ನಿಜ. ತಿಳಿಯದ ಅಪಾಯ ಇದ್ದೇ ಇರುತ್ತದೆಂಬ ವಿನಯವೇ ಇನ್ನೊಂದು ಆಸರೆಯನ್ನಿಡಲು ಪ್ರೇರಿಸಬೇಕಾಗಿತ್ತು. ಉಕ್ಕಿನ ಬಲ ಬೇರೆ, ಬಿರುಕನ್ನು ಸಹಿಸುವ ಅದರ ಗುಣ ಬೇರೆ. ಮೊದಲನೆಯದನ್ನೇ ನೆಚ್ಚಿ ಎರಡನೆಯದನ್ನು ಮರೆತ ವಿನ್ಯಾಸಕ್ಕೆ ಕ್ಷಮೆ ದೊರೆಯದು.

ದುರಂತದ ತರುವಾಯ, 1968ರಲ್ಲಿ, ಸೇತುವೆಗಳ ತಪಾಸಣೆಗೆ ರಾಷ್ಟ್ರವ್ಯಾಪಿ ಮಾನದಂಡಗಳನ್ನು ಅಮೆರಿಕ ಕಾನೂನಿನ ಮೂಲಕ ವಿಧಿಸಿತು. ಅಷ್ಟಕ್ಕೇ ನೆಮ್ಮದಿಗೊಳ್ಳುವಂತಿಲ್ಲ. 2007ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಕುಸಿದು 13 ಜನರನ್ನು ಬಲಿ ತೆಗೆದುಕೊಂಡ ಹೆದ್ದಾರಿ ಸೇತುವೆಗೆ ನಿಯಮಿತ ತಪಾಸಣೆ ನಡೆದೇ ಇತ್ತು. ತೊಲೆಗಳ ಸಂಧಿಗಳನ್ನು ಹಿಡಿದಿದ್ದ ಕೆಲವು ಫಲಕಗಳ ದಪ್ಪ ಬೇಕಾದುದರ ಸುಮಾರು ಅರ್ಧದಷ್ಟೇ ಇದ್ದಿತು. ತುಕ್ಕನ್ನು ಹುಡುಕಿದವರು ಮೂಲ ಲೆಕ್ಕವನ್ನು ಮತ್ತೆ ಪರಿಶೀಲಿಸಿರಲಿಲ್ಲ. ಕಟ್ಟುವಾಗಿನ ವಿವೇಕ, ಕಟ್ಟಿದ ಮೇಲಿನ ಎಚ್ಚರ ಇವೆರಡರಲ್ಲಿ ಒಂದು ಇನ್ನೊಂದಕ್ಕೆ ಬದಲಿಯಾಗಲಾರದು.

ಈ ಪಾಠ ಎಂಜಿನಿಯರುಗಳಿಗೆ ಮಾತ್ರ ಮೀಸಲಾದುದಲ್ಲ. ಹೊಸ ಕಟ್ಟಡಕ್ಕೆ ದಾನವಿತ್ತವರ ಹೆಸರು ಶಿಲೆಯ ಮೇಲೆ ಮೂಡುತ್ತದೆ; ಹಳೆಯ ಚಾವಣಿಯ ದುರಸ್ತಿಗೆ ಕೊಟ್ಟವರ ಹೆಸರು ಎಲ್ಲಿಯೂ ಮೂಡುವುದಿಲ್ಲ. ಆದರೆ ಮಕ್ಕಳು ಕುಳಿತು ಕಲಿಯುವುದು ಆ ಚಾವಣಿಯ ಕೆಳಗೆ. ದಾಸೋಹದ ಒಲೆ ಉದ್ಘಾಟನೆಯ ದಿನವಷ್ಟೇ ಉರಿದರೆ ಅದು ದಾಸೋಹವೆನಿಸದು. ಸಂರಕ್ಷಣೆಯೂ ಅಂಥದೇ ನಿತ್ಯ ಕಾಯಕ. ಶಾಲೆಯಿಂದ ಹೊರಟು ನಾಳೆ ಸೇತುವೆ ಕಟ್ಟಲಿರುವ ವಿದ್ಯಾರ್ಥಿಗೆ ಗಣಿತದೊಡನೆ ಕಾಣದ ಕೀಲನ್ನು ಬಿಚ್ಚಿ ನೋಡುವ ಶ್ರದ್ಧೆಯನ್ನೂ ಗುರುಗಳು ಕಲಿಸಲಿ. ಆ ಶ್ರದ್ಧೆಗೆ ಬೇಕಾದ ವೆಚ್ಚವನ್ನು ದಾನಿಗಳು ಹೆಸರನ್ನಪೇಕ್ಷಿಸದೆ ಭರಿಸಲಿ.