ಯಂತ್ರದ ಕಣ್ಣಿಗೆ ಬೀಳದ ಒತ್ತಕ್ಷರ

ಕ್ವಾಲಾಲಂಪುರದಿಂದ ಸೆರೆಂಬಾನ್‌ಗೆ ಸಾಗುವ ರೈಲು ಹಾದಿಯಲ್ಲಿರುವ ನಿಲಾಯ್, ವಿದ್ಯಾರ್ಥಿಗಳ ಊರು. ಇಂಟಿ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಇಲ್ಲಿದೆ. ಉತ್ತರಕ್ಕೆ ಹೋದರೆ ಸೈಬರ್‌ಜಯ, ಅದರಾಚೆ ಬುಕಿಟ್ ಜಲೀಲ್‌ನಲ್ಲಿ ಆಸ್ಟ್ರೋ ವಾಹಿನಿಗಳ ಪ್ರಸಾರ ಕೇಂದ್ರ. ಮಾಧ್ಯಮ ವಿಷಯವನ್ನು ಇಲ್ಲಿ ಓದಿ ಇಲ್ಲಿಯೇ ಕೆಲಸ ಹಿಡಿಯಬೇಕೆಂಬ ಆಸೆ ನಮ್ಮ ಊರುಗಳ ತರುಣರಲ್ಲಿ ಹುಟ್ಟುವುದು ಸಹಜ. ಆ ಆಸೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನಗಳಿಗೆ ಜಾಗವುಂಟು. ವಿಡಿಯೊ ಫೈಲ್‌ಗಳ ಗುಣಮಟ್ಟ ಪರೀಕ್ಷೆಗೆ ಇಲ್ಲ. ‘ಕುಳಿತು ಸಿನಿಮಾ ನೋಡುವುದೂ ಒಂದು ಉದ್ಯೋಗವೇ?’ ಎಂದು ಹಿರಿಯರು ಕೇಳಿಯಾರು. ಅದು ಉದ್ಯೋಗವೇ ಹೌದು. ಅದರಲ್ಲಿ ಕನ್ನಡ ಬಲ್ಲವರು ಮಾತ್ರ ಮಾಡಬಲ್ಲ ಒಂದು ಪಾಲೂ ಇದೆ.

ಸೆಕೆಂಡಿಗೆ 24 ಫ್ರೇಮ್‌ಗಳಂತೆ ಎರಡೂವರೆ ಗಂಟೆಯ ಚಿತ್ರವೊಂದರಲ್ಲಿ 2,16,000 ಫ್ರೇಮ್‌ಗಳಿರುತ್ತವೆ. ಪ್ರಸಾರಕ್ಕೆ ಮುನ್ನ ಇವನ್ನೆಲ್ಲ ಮೊದಲು ತಂತ್ರಾಂಶವೊಂದು ಜಾಲಾಡುತ್ತದೆ. ನಡುವೆ ಕಪ್ಪು ಫ್ರೇಮ್ ನುಸುಳಿದೆಯೇ, ಚಿತ್ರ ಒಂದೆಡೆ ಸ್ತಬ್ಧವಾಗಿದೆಯೇ, ಬಣ್ಣ ಮಿತಿಮೀರಿದೆಯೇ, ಎಡಬಲದ ಧ್ವನಿಗಳು ಒಂದನ್ನೊಂದು ನುಂಗುತ್ತಿವೆಯೇ ಎಂದು ಅಳೆಯುತ್ತದೆ. ಭಾರತ, ಮಲೇಷ್ಯಾಗಳ ಟಿ.ವಿ. ಪ್ರಸಾರ ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದ್ದು. 24ರ ಚಿತ್ರವನ್ನು ಹಾಗೆಯೇ 25ರ ವೇಗದಲ್ಲಿ ಓಡಿಸಿದರೆ 150 ನಿಮಿಷದ ಕಥೆ 144 ನಿಮಿಷಕ್ಕೆ ಮುಗಿಯುತ್ತದೆ. ಸರಿಪಡಿಸದಿದ್ದರೆ ಗಾಯಕರ ಶ್ರುತಿಯೂ ಏರುತ್ತದೆ. ತಂತ್ರಾಂಶ ವರದಿ ಕೊಟ್ಟ ಬಳಿಕ ಮನುಷ್ಯನೊಬ್ಬ ಕುಳಿತು ನೋಡುತ್ತಾನೆ: ಇದು ದೋಷವೋ, ನಿರ್ದೇಶಕರು ಬೇಕೆಂದೇ ಇಟ್ಟ ಕತ್ತಲೆಯೋ?

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಸರಣಿಯ ಒಂದು ಕಂತು ಪ್ರಸಾರವಾದಾಗ, ಕೆಂಪು ಮತ್ತು ನೀಲಿ ಬೆಳಕು ಕೆಲವೇ ಸೆಕೆಂಡು ವೇಗವಾಗಿ ಮಿನುಗಿದ್ದರಿಂದ ಸುಮಾರು 685 ಮಂದಿ ಆಸ್ಪತ್ರೆಗೆ ಹೋಗಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಿನುಗುವ ಬೆಳಕಿನ ಪರೀಕ್ಷೆಗೆ ಇಂದು ಇರುವ ಮಹತ್ವದ ಹಿಂದೆ ಆ ಸಂಜೆಯ ಪಾಠವಿದೆ. ಧಾರಾವಾಹಿಯ ನಡುವೆ ಜಾಹೀರಾತು ಅಬ್ಬರಿಸಿ ಕಿವಿಗಡಚಿಕ್ಕುವುದನ್ನು ತಡೆಯಲು ಯುರೋಪಿನ ಪ್ರಸಾರ ಒಕ್ಕೂಟವು 2010ರಲ್ಲಿ ಧ್ವನಿಮಟ್ಟಕ್ಕೆ ಒಂದು ಅಳತೆಯನ್ನೇ ಗೊತ್ತುಮಾಡಿತು.

ಅಳೆಯಬಹುದಾದುದನ್ನೆಲ್ಲ ಯಂತ್ರ ಚೆನ್ನಾಗಿಯೇ ಅಳೆಯುತ್ತದೆ. ಅದು ಎಡವುವುದು ಭಾಷೆಯಲ್ಲಿ. ಕನ್ನಡದ ಸಬ್‌ಟೈಟಲ್ ಬರಹ ಸರಿಯಾಗಿಯೇ ಇದ್ದರೂ, ಅದನ್ನು ತೆರೆಯ ಮೇಲೆ ಮೂಡಿಸುವ ತಂತ್ರಾಂಶಕ್ಕೆ ನಮ್ಮ ಲಿಪಿಯ ಕಟ್ಟು ತಿಳಿಯದಿದ್ದರೆ ‘ಅತ್ತೆ’ ಎಂಬುದು ‘ಅತ್‌ತೆ’ ಎಂದು ಒಡೆಯುತ್ತದೆ. ಫೈಲ್ ಪರಿಶೀಲಿಸುವ ಯಂತ್ರಕ್ಕೆ ಅದರಲ್ಲಿ ತಪ್ಪೇ ಕಾಣದೆ ಹೋಗಬಹುದು. ಇಂಗ್ಲಿಷಿನ ‘ಅಂಕಲ್’ ಚಿಕ್ಕಪ್ಪನೋ, ದೊಡ್ಡಪ್ಪನೋ, ಸೋದರಮಾವನೋ? ಹಿಂದಿನ ದೃಶ್ಯ ನೋಡಿದವರಿಗೆ ಗೊತ್ತು. ಸೊಸೆ ಮಾವನನ್ನು ‘ನೀನು’ ಎಂದರೂ ತಾಂತ್ರಿಕ ವರದಿಯಲ್ಲಿ ಎಲ್ಲವೂ ಸರಿ. ನಮ್ಮ ಕಿವಿಗೆ ಮಾತ್ರ ಸರಿಯಿಲ್ಲ.

ಈ ಕಿವಿಯ ಅಗತ್ಯ ಹೆಚ್ಚುತ್ತಿದೆ. ಡಬ್ಬಿಂಗ್ ತಡೆಗೆ ವಿರುದ್ಧವಾಗಿ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ನೀಡಿದ ಬಳಿಕ ಬೇರೆ ಭಾಷೆಗಳ ಚಿತ್ರಗಳು ಕನ್ನಡದಲ್ಲಿ ಮಾತನಾಡತೊಡಗಿದವು. 2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಮೊದಲ ಅಧ್ಯಾಯ ಐದು ಭಾಷೆಗಳಲ್ಲಿ ತೆರೆಕಂಡಿತು. ಐದು ಭಾಷೆಯೆಂದರೆ ಐದು ಧ್ವನಿಪಥ. ಪ್ರತಿಯೊಂದಕ್ಕೂ ಆ ಭಾಷೆ ಬಲ್ಲ ಪರೀಕ್ಷಕರು ಬೇಕು.

ಕೃತಕ ಬುದ್ಧಿಮತ್ತೆ ನಾಳೆ ಇದನ್ನೂ ಮಾಡದೇ ಎಂದು ಕೇಳಬಹುದು. ಕಪ್ಪು ಫ್ರೇಮ್ ಹುಡುಕುವುದನ್ನಷ್ಟೇ ಬಲ್ಲವರ ಕೆಲಸಕ್ಕೆ ಅದು ನಿಶ್ಚಯವಾಗಿಯೂ ಕುತ್ತು. ಆದರೆ ಯಂತ್ರ ಮಾಡಿದ ಅನುವಾದ ಹೆಚ್ಚಿದಷ್ಟೂ ಅದನ್ನು ಓದಿ ‘ಇದು ನಡೆಯದು’ ಎನ್ನುವವರ ಅಗತ್ಯವೂ ಹೆಚ್ಚುತ್ತದೆ. ತಪ್ಪು ಪ್ರಸಾರವಾದರೆ ಉತ್ತರ ಕೊಡಬೇಕಾದವರು ಮನುಷ್ಯರೇ.

ಹಾಗೆಂದು ಸಾಲ ಮಾಡಿ ವಿಮಾನ ಹತ್ತಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಮಲೇಷ್ಯಾದ ತೆರೆಗೆ ಬೇಕಾದುದು ಮಲಯ್, ಇಂಗ್ಲಿಷ್, ಚೀನೀ, ತಮಿಳು ಭಾಷೆಗಳು. ಕನ್ನಡವೊಂದನ್ನೇ ನಂಬಿ ಇಲ್ಲಿ ಅನ್ನ ಹುಟ್ಟದು. ವಿದ್ಯಾರ್ಥಿ ಪರವಾನಗಿಯಲ್ಲಿ ಬಂದವರು ಓದಿನ ನಡುವೆ ದುಡಿದು ಶುಲ್ಕ ತೀರಿಸುವ ಲೆಕ್ಕ ಹಾಕಬಾರದು. ಅರೆಕಾಲಿಕ ದುಡಿಮೆಗೆ ಇಲ್ಲಿ ಬಿಗಿಯಾದ ಮಿತಿಗಳಿವೆ. ಕೋರ್ಸ್ ಆರಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಪ್ರಸಾರದ ಫೈಲ್‌ಗಳನ್ನು ಕೈಯಾರೆ ಪರೀಕ್ಷಿಸುವ ತರಬೇತಿ ಇದೆಯೇ? ಓದಿನ ಭಾಗವಾಗಿಯೇ ಸ್ಟುಡಿಯೊದಲ್ಲಿ ಕಲಿಯುವ ಅವಕಾಶ ಇದೆಯೇ? ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಬೆಂಗಳೂರು, ಚೆನ್ನೈ, ಮುಂಬೈಗಳ ಸ್ಟುಡಿಯೊಗಳೇ ಮೇಲು. ಕನ್ನಡದ ಫೈಲ್‌ಗಳು ಹೆಚ್ಚಾಗಿ ಸಿದ್ಧವಾಗುವುದೂ ಅಲ್ಲಿಯೇ.

ಹೊರಡುವವರು ಇನ್ನೊಂದನ್ನು ಗಮನಿಸಬೇಕು. ವಿದೇಶಕ್ಕೆ ಹೋಗುವ ಮಗನಿಗೆ, ಮಗಳಿಗೆ ಕನ್ನಡ ಏತಕ್ಕೆ ಎಂದು ಹೈಸ್ಕೂಲಿನಲ್ಲಿಯೇ ಅದನ್ನು ಕೈಬಿಡಿಸುವ ಮನೆಗಳು ಕಡಿಮೆಯೇನಲ್ಲ. ತಾಂತ್ರಿಕ ಅಳತೆಗಳನ್ನು ಆರು ತಿಂಗಳಲ್ಲಿ ಕಲಿಸಬಹುದು. ಒತ್ತಕ್ಷರ ತಪ್ಪಿದಾಗ ಕಣ್ಣು ತಟ್ಟನೆ ನಿಲ್ಲುವ ಅಭ್ಯಾಸಕ್ಕೆ ಇಪ್ಪತ್ತು ವರ್ಷಗಳ ಓದು ಬೇಕು. ಅದನ್ನು ಯಾವ ದೇಶದ ಯಾವ ವಿಶ್ವವಿದ್ಯಾಲಯವೂ ಶುಲ್ಕ ಪಡೆದು ಕೊಡಲಾರದು.