ಕೀಲಿಗೆ ಭಾಷೆಯಿಲ್ಲ, ನಮಗಿದೆ

ನಮ್ಮ ತರಗತಿಯಲ್ಲಿ ಹೆಚ್ಚಿನವರ ಮನೆಮಾತು ಉರ್ದು. ಕನ್ನಡ ಓದುತ್ತೇವೆ, ಟ್ಯಾಲಿಯನ್ನು ಇಂಗ್ಲಿಷಿನಲ್ಲಿ ಕಲಿಯುತ್ತೇವೆ. ಆದರೆ ಅರ್ಧ ಪುಟದ ಕನ್ನಡ ಅರ್ಜಿ ಬೇಕಾದರೆ, ದಾವಣಗೆರೆಯವರಿರಲಿ ಹರಿಹರದವರಿರಲಿ, ಡಿ.ಟಿ.ಪಿ. ಅಂಗಡಿ ಹುಡುಕುತ್ತೇವೆ. ಕೇಳಿದರೆ ಒಂದೇ ಉತ್ತರ: "ಕಂಪ್ಯೂಟರ್‌ನಲ್ಲಿ ಕನ್ನಡ ಕಷ್ಟ ಕಣೋ." ಈ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಕೀಬೋರ್ಡ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಕೀಲಿ ಒತ್ತಿದಾಗ ಅಕ್ಷರ ಹೋಗುವುದಿಲ್ಲ, ಒಂದು ಸಂಖ್ಯೆ ಹೋಗುತ್ತದೆ. ಯುಎಸ್‌ಬಿ ಕೀಬೋರ್ಡ್‌ನಲ್ಲಿ 'ಕೆ' ಕೀಲಿಯ ಸಂಖ್ಯೆ 14. ಆ 14 ಇಂಗ್ಲಿಷಿನ ಕೆ ಆಗಬೇಕೋ, ಕನ್ನಡದ ಕ ಆಗಬೇಕೋ, ಉರ್ದುವಿನ ಕಾಫ್ ಆಗಬೇಕೋ ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಮ್. ಕೀಲಿಯ ಮೇಲೆ ಅಚ್ಚಾಗಿರುವ ಇಂಗ್ಲಿಷ್ ಅಕ್ಷರ ನಮ್ಮ ಕಣ್ಣಿಗಷ್ಟೇ.

ಗೊಂದಲ ಹುಟ್ಟುವುದು ಈ ತೀರ್ಮಾನದಲ್ಲಿ. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿದ ವಿನ್ಯಾಸದಲ್ಲಿ 'ಹರಿಹರ' ಬರೆಯಲು ಎಚ್, ಆರ್, ಐ, ಎಚ್, ಆರ್ ಎಂದು ಐದು ಕೀಲಿ ಒತ್ತಿದರೆ ಸಾಕು. ವಿಂಡೋಸ್‌ನಲ್ಲಿ ಹಿಂದಿನಿಂದಲೂ ಇರುವ ಕನ್ನಡ ಕೀಬೋರ್ಡ್ ಇನ್‌ಸ್ಕ್ರಿಪ್ಟ್. ಅಲ್ಲಿ ಅದೇ ಐದು ಕೀಲಿ ಒತ್ತಿದರೆ 'ಪೀಗಪೀ' ಬರುತ್ತದೆ! ಹೊಸಬರು ಇದನ್ನು ನೋಡಿ ಕಂಪ್ಯೂಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ವಿನ್ಯಾಸ ಬೇರೆ ಅಷ್ಟೇ. ಉಬುಂಟುವಿನಂಥ ಲಿನಕ್ಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಜೊತೆಗೆ 'ಕಗಪ' ಎಂಬ ಹೆಸರಿನಲ್ಲಿ ಕೆ.ಪಿ. ರಾವ್ ವಿನ್ಯಾಸವೂ ಇದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು, 'ನುಡಿ' ತಂತ್ರಾಂಶ ತಯಾರಿಸಿದ ಸಂಸ್ಥೆ.

ಎರಡನೆಯ ಗೊಂದಲ ಇನ್ನೂ ದೊಡ್ಡದು. ಹಳೆಯ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಕಡತ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ನಮ್ಮ ಅಬ್ಬಾ ಹರಿಹರದ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದ ಅರ್ಜಿ ಮೊಬೈಲ್‌ನಲ್ಲಿ ಹಾಗೆಯೇ ಕಂಡಿತು. ಒಂದು ಸಾಲು ತಿದ್ದಲು ಮತ್ತೆ ಅಂಗಡಿಗೆ ಹೋಗಿ ಮತ್ತೆ ದುಡ್ಡು ಕೊಟ್ಟರು. ಉರ್ದುವಿಗೂ ಇದೇ ಕಥೆ: ಹಳೆಯ ಇನ್‌ಪೇಜ್ ಕಡತ ಇನ್‌ಪೇಜ್ ಇಲ್ಲದ ಕಡೆ ಓದಲಾಗದು. ಎರಡಕ್ಕೂ ಮದ್ದು ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಉರ್ದುವಿನ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆಯಿದೆ, ಫಾಂಟ್ ಬದಲಾದರೂ ಅಕ್ಷರ ಬದಲಾಗುವುದಿಲ್ಲ. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ, ಆರಿಸಿಕೊಳ್ಳಬೇಕಷ್ಟೇ.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಜ಼ಕಿಯಾ, ಫ಼ಾತಿಮಾ ಎಂಬ ಹೆಸರುಗಳಲ್ಲಿ ಬರುವ ಉಚ್ಚಾರಕ್ಕೆ ಅಕ್ಷರದ ಕೆಳಗೆ ಚುಕ್ಕಿ ಬೇಕು. ಆ ನುಕ್ತಾ ಚಿಹ್ನೆ 2003ರಲ್ಲಿ ಬಂದ ಯೂನಿಕೋಡ್ 4.0ರಿಂದ ಕನ್ನಡ ಲಿಪಿಯಲ್ಲಿ ಸೇರಿದೆ. ಅಂದರೆ ನಮ್ಮ ಹೆಸರುಗಳಿಗೆ ಕನ್ನಡದಲ್ಲಿ ಜಾಗವಿದೆ, ಬರೆಯುವವರು ಬೇಕು.

ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಆದೇಶ ಟೈಪ್ ಮಾಡುವ ಕಪ್ಪು ಪರದೆ, ಅಂದರೆ ಟರ್ಮಿನಲ್, ಇಂದಿಗೂ ಕನ್ನಡಕ್ಕೆ ಒಗ್ಗಿಲ್ಲ. ಅದು ಪರದೆಯನ್ನು ಒಂದೇ ಅಳತೆಯ ಚೌಕಗಳಾಗಿ ಭಾಗಿಸುತ್ತದೆ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ, ಯೂನಿಕೋಡ್‌ಗೆ ಆರು ಚಿಹ್ನೆ. ಒತ್ತಕ್ಷರವನ್ನು ಚೌಕದೊಳಗೆ ತುರುಕಲು ಹೋದರೆ ಒಡೆದು ಕಾಣುತ್ತದೆ. ಲಿನಕ್ಸ್‌ನ ಮೂಲ ಕನ್ಸೋಲ್‌ನಲ್ಲಂತೂ ಒಮ್ಮೆಗೆ 512 ಆಕಾರಗಳಿಗಷ್ಟೇ ಜಾಗ. ಅದನ್ನು ಸರಿಪಡಿಸುವುದು ಎಂಜಿನಿಯರುಗಳ ಕೆಲಸ. ಆದರೆ ಅರ್ಜಿ, ಬಿಲ್ಲು, ಪತ್ರ ಬರೆಯಲು ಟರ್ಮಿನಲ್ ಬೇಕಿಲ್ಲ.

ಕೆಲವು ಗೆಳೆಯರು, "ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ನಡೆಯುತ್ತಲ್ಲ?" ಎನ್ನುತ್ತಾರೆ. ಗೆಳೆಯರ ನಡುವೆ ನಡೆಯುತ್ತದೆ. ತಾಲ್ಲೂಕು ಕಚೇರಿಯಲ್ಲಿ, ಬ್ಯಾಂಕಿನ ಪತ್ರದಲ್ಲಿ ನಡೆಯುವುದಿಲ್ಲ. ನಾಳೆ ನಾವು ಅಂಗಡಿಯ ಲೆಕ್ಕ ಬರೆಯುವವರು, ಕಚೇರಿಯಲ್ಲಿ ಕೂರುವವರು. ಉರ್ದು ಮನೆಯವರಿಗೆ ಕನ್ನಡ ಅಷ್ಟಕ್ಕಷ್ಟೇ ಎಂದು ಯಾರಾದರೂ ಅಂದಾಗ ವಾದ ಮಾಡುವುದಕ್ಕಿಂತ ಒಂದು ಪುಟ ಟೈಪ್ ಮಾಡಿ ಕೊಡುವುದು ಒಳ್ಳೆಯ ಉತ್ತರ.

ಆದ್ದರಿಂದ ನಮ್ಮ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಮೂರು. ಲ್ಯಾಬಿನ ಪ್ರತಿ ಕಂಪ್ಯೂಟರ್‌ನಲ್ಲೂ ಕೆ.ಪಿ. ರಾವ್ ವಿನ್ಯಾಸದ ಕನ್ನಡ ಮತ್ತು ಒಂದು ಉರ್ದು ಕೀಬೋರ್ಡ್ ಇರಲಿ. ಟ್ಯಾಲಿ ತರಗತಿಯ ಜೊತೆಗೆ ವಾರಕ್ಕೊಂದು ಗಂಟೆ ಕನ್ನಡ ಟೈಪಿಂಗ್ ಇರಲಿ. ಈ ಸುದ್ದಿಪತ್ರಕ್ಕೆ ಬರುವ ಲೇಖನಗಳನ್ನು ಯೂನಿಕೋಡ್‌ನಲ್ಲೇ ಸ್ವೀಕರಿಸಲಿ. ಲ್ಯಾಬ್ ಈಗಾಗಲೇ ಇದೆ, ಕೀಬೋರ್ಡ್ ಸೇರಿಸಲು ಖರ್ಚಿಲ್ಲ. ಗೆಳೆಯರೇ, ಅಲ್ಲಿಯವರೆಗೆ ಡಿ.ಟಿ.ಪಿ. ಅಂಗಡಿಗೆ ಹೋದಾಗ ಒಂದು ಮಾತು ಮಾತ್ರ ಮರೆಯಬೇಡಿ: "ಅಣ್ಣಾ, ಯೂನಿಕೋಡ್‌ನಲ್ಲಿ ಮಾಡಿಕೊಡಿ."